ಹತ್ತು ಶಿಲುಬೆಗೆ ಹನ್ನೊಂದು ಚೀಟಿ

ಮುದುಕಿ ತನ್ನ ಭಾಷೆಯಲ್ಲಿ ಹೇಳಿದ್ದನ್ನು ಉದಯಕುಮಾರನ ಫೋನು ಕನ್ನಡಕ್ಕೆ ತಿರುಗಿಸಿ, ರೈಲು ತಡವಾಗಿದೆ ಎಂದು ಸಾರುವ ದನಿಯಲ್ಲಿ ಓದಿತು: "ಇವರಿಗೆ ನೆಲ ಸಿಕ್ಕಿದೆ. ದಯವಿಟ್ಟು ನೆಲವನ್ನು ಕಸಿದುಕೊಳ್ಳಬೇಡಿ. ನೆಲ ಕಳೆದುಕೊಂಡವರು ನೀರಿಗೆ ಮರಳುತ್ತಾರೆ. ಜೊತೆಯಿಲ್ಲದೆ ಮರಳುವುದಿಲ್ಲ."

ಉದಯಕುಮಾರ ನಕ್ಕ. "ಸತ್ತ ಮ್ಯಾಲೂ ಇವರಿಗೆ ಕಂಪನಿ ಬೇಕಂತ ನೋಡು!"

ಮುದುಕಿಗೆ ಮಾತು ತಿಳಿಯಲಿಲ್ಲ. ನಗು ತಿಳಿಯಿತು.

ಆ ಊರಿನ ಹೆಸರು ಕೆರ್ಗ್ವೆನ್. ಫ್ರಾನ್ಸ್ ದೇಶದ ಪಡುವಣ ಅಂಚಿನಲ್ಲಿ ನಲವತ್ತು ಕಲ್ಲಿನ ಮನೆಗಳು ಗಾಳಿಗೆ ಬೆನ್ನು ಕೊಟ್ಟು ಕೂತಿದ್ದವು. ದಿನಕ್ಕೆರಡು ಸಲ ಸಮುದ್ರ ಹಿಂದೆ ಸರಿದು, ದೋಣಿಗಳನ್ನು ಕೆಸರಿನಲ್ಲಿ ಮಗ್ಗುಲಾಗಿ ಮಲಗಿಸಿ ಹೋಗುತ್ತಿತ್ತು. ಆಗ ಊರಿಗೆಲ್ಲ ಕಡಲಪಾಚಿಯ ಕೊಳೆತ ವಾಸನೆ. ಇಗರ್ಜಿಯ ಮಾಡಿಗೆ ಆಟಿಕೆಯಷ್ಟು ಚಿಕ್ಕದೊಂದು ಹಡಗು ನೇತಾಡುತ್ತಿತ್ತು. ಹುಬ್ಬಳ್ಳಿಯ ದುರ್ಗದಬೈಲಿನ ಒಂದು ಓಣಿಯಷ್ಟೂ ಮಂದಿ ಇಲ್ಲದ ಈ ಊರು ತನ್ನ ಹಳೆಯದನ್ನೆಲ್ಲ ದೇವರಂತೆ ಕಾಪಾಡುವುದನ್ನು ಕಂಡು ಉದಯಕುಮಾರನಿಗೆ ತಿರಸ್ಕಾರವೂ ಆಸೆಯೂ ಒಟ್ಟಿಗೇ ಹುಟ್ಟಿದವು. ದಾಂಡೇಲಿಯಲ್ಲಿ, ಮೌಳಂಗಿಯಿಂದ ಸ್ವಲ್ಪ ಕೆಳಗೆ, ಕಾಳಿ ನದಿಯ ದಂಡೆಗೆ ಅವನದೊಂದು ರೆಸಾರ್ಟ್ ಇತ್ತು. ಅದನ್ನು ಇಂಥದೇ ಒಂದು ಹಳ್ಳಿಯ ಹಾಗೆ ಮಾಡಿ, ಪುಣೆಯವರನ್ನೂ ಬೆಂಗಳೂರಿನವರನ್ನೂ ಬೆರಗಾಗಿಸುವ ಹುಕಿ ಅವನಿಗೆ. ಒಂದು ಮುರುಕು ದೋಣಿ, ಒಂದು ಗಂಟೆ, ಒಂದಿಷ್ಟು ಬಲೆಗಳನ್ನು ಊರವರು ಸಂತೋಷದಿಂದಲೇ ಮಾರಿದ್ದರು.

ಮಾರದೇ ಇದ್ದದ್ದು ಇದೊಂದು ಪೆಟ್ಟಿಗೆ. ಸ್ಮಶಾನದ ಗೋಡೆಯೊಳಗಿನ ಗೂಡಿನಲ್ಲಿ, ಕಬ್ಬಿಣದ ಅಗುಳಿಯ ಹಿಂದೆ ಅದು ಇತ್ತು. ಒಳಗೆ ಬೆರಳುದ್ದದ ಹತ್ತು ಮೇಣದ ಶಿಲುಬೆಗಳು. ಸಮುದ್ರಕ್ಕೆ ಹೋದವನ ಹೆಣ ಸಿಗದಿದ್ದರೆ ಮನೆಯವರು ಇಂಥದೊಂದು ಶಿಲುಬೆ ಮಾಡಿ, ಹೆಸರಿನ ಚೀಟಿಯನ್ನು ಅದರ ಬೆನ್ನಿಗೆ ಒತ್ತುತ್ತಾರೆ. ಅದನ್ನೇ ಹೆಣವೆಂದು ಬಿಳಿ ಬಟ್ಟೆಯ ಮೇಲೆ ಮಲಗಿಸಿ, ಅತ್ತು, ಪಾದ್ರಿಯ ಜೊತೆ ಹೊತ್ತು ತಂದು ಇಲ್ಲಿಡುತ್ತಾರೆ. ಗೂಡಿನ ಕೀಲಿಕೈ ಸ್ವಾಜಿಕ್ ಎಂಬ ಈ ಮುದುಕಿಯ ಬಳಿ.

ಹನ್ನೆರಡರ ಗಂಟೆಗೆ ಮುದುಕಿ ಊಟಕ್ಕೆ ಹೋದಳು. ಬೀಗ ಹಾಕಿಯೇ ಹೋದಳು. ತುಕ್ಕು ಹಿಡಿದ ಬೀಗಕ್ಕೆ ಕಾರಿನ ಸ್ಪ್ಯಾನರಿನ ಒಂದೇ ಏಟು ಸಾಕಾಯಿತು.

ಸಂಜೆ ಅವನ ಕಾರು ಹೊರಟಾಗ ಮುದುಕಿ ಸ್ಮಶಾನದ ಗೋಡೆಗೆ ಒರಗಿ ನಿಂತಿದ್ದಳು. ಕೂಗಲಿಲ್ಲ, ಓಡಿ ಬರಲಿಲ್ಲ. ಡಾಂಬರು ಬಳಿದ ಹಗ್ಗದ ತುಂಡೊಂದನ್ನು ಕೈಯಲ್ಲಿ ಹಿಡಿದು, ಅವನನ್ನೇ ನೋಡುತ್ತ, ಗಂಟು ಹಾಕುತ್ತಿದ್ದಳು. ಒಂದೊಂದು ಗಂಟಿಗೂ ಉಗುಳು ಹಚ್ಚಿ, ಹಲ್ಲಿನಿಂದ ಜಗ್ಗಿ ಬಿಗಿಯುತ್ತಿದ್ದಳು. ಕಡೆಯ ಗಂಟನ್ನು ಮಾತ್ರ ಮೆಲ್ಲಗೆ, ಮುದ್ದಿನಿಂದ ಹಾಕಿದಳು. ಚಂದದ ನೋಟ ಎಂದುಕೊಂಡು ಉದಯಕುಮಾರ ಕಿಟಕಿ ಇಳಿಸಿ ಒಂದು ಫೋಟೊ ತೆಗೆದ.

*

ದಾಂಡೇಲಿಯ ರೆಸಾರ್ಟಿಗೆ 'ಲಾ ಮೇರ್' ಎಂದು ಹೊಸ ಬೋರ್ಡು ಬಿತ್ತು. ಸಮುದ್ರ ಎಂದರ್ಥ. ಸಮುದ್ರಕ್ಕೂ ಅದಕ್ಕೂ ನಡುವೆ ಒಂದು ಘಟ್ಟ, ಒಂದು ಕಾಡು, ಮೂರು ಆಣೆಕಟ್ಟು. ಸಾಗುವಾನಿ ಮರಗಳ ಕೆಳಗೆ ಬೂದು ಬಣ್ಣದ ನಾಲ್ಕು ಮನೆಗಳು ಎದ್ದವು, ಕಿಟಕಿಗಳಿಗೆ ನೀಲಿ ಬಳಿದರು. ದೋಣಿಯನ್ನು ಹುಲ್ಲಿನ ಮೇಲೆ ಬೋರಲು ಹಾಕಿದರು. ಗಂಟೆಯನ್ನು ನದಿಯ ಮೆಟ್ಟಿಲ ಬಳಿ ಕಟ್ಟಿದರು. ಶಿಲುಬೆಗಳಿಗೆ ಊಟದ ಹಾಲಿನಲ್ಲಿ ಗಾಜಿನ ಕಪಾಟು, ಕಪಾಟಿನೊಳಗೆ ದೀಪ. ಮೇಲೆ ಗೋಡೆಗೆ ಗಂಟು ಹಾಕುವ ಮುದುಕಿಯ ಫೋಟೊ.

ಕಪಾಟು ಒರೆಸುವ ಕೆಲಸ ಫ್ಲೇವಿಯಾಳದು. ಹಳಿಯಾಳ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಹೆಂಗಸು, ರೆಸಾರ್ಟಿನ ಪಾತ್ರೆ, ನೆಲ, ಸಂಡಾಸು ಎಲ್ಲ ಅವಳ ಪಾಲಿನವು. ಅವಳ ಗಂಡ ಜೇಮ್ಸ್ ಇಲ್ಲೇ ರಾಫ್ಟ್ ನಡೆಸುತ್ತಿದ್ದ. ಹೋದ ಮಳೆಗಾಲದಲ್ಲಿ ನದಿ ಕೆಂಪಗೆ ಉಬ್ಬಿದ ದಿನ, ಜಾಹೀರಾತಿನ ವಿಡಿಯೋ ಬೇಕೆಂದು ಉದಯಕುಮಾರ ಅವನನ್ನು ಒಬ್ಬನನ್ನೇ ನೀರಿಗಿಳಿಸಿದ್ದ. "ಹೋಗಲೇ, ಏನೂ ಆಗೂದಿಲ್ಲ. ಹೊಳಿ ಅಂದ್ರ ನಿನ್ನ ಅತ್ತೀಮನಿ ಇದ್ದಂಗ." ಜೇಮ್ಸ್ ತಿರುವಿನಾಚೆ ಹೋದ. ರಾಫ್ಟ್ ಖಾಲಿ ಸಿಕ್ಕಿತು. ಹೆಣ ಸಿಗಲಿಲ್ಲ. ವಿಡಿಯೋ ಅಳಿಸಿಹೋಯಿತು. ಪೊಲೀಸರಿಗೆ ಉದಯಕುಮಾರ ಒಂದೇ ಸಾಲು ಬರೆದುಕೊಟ್ಟ: ಜೇಮ್ಸ್ ಕೆಲಸ ಬಿಟ್ಟು ಗೋವಾಕ್ಕೆ ಹೋಗಿದ್ದಾನೆ.

ಅಡುಗೆಮನೆಯ ಕಿಟಕಿಯಿಂದ ಫ್ಲೇವಿಯಾ ಎಲ್ಲವನ್ನೂ ಕಂಡಿದ್ದಳು. ಹೆಂಡತಿಯ ಮಾತು ಸಾಕ್ಷಿಯಾಗಲಿಲ್ಲ.

"ಇವು ಏನ್ರಿ ಸಾಹೇಬ್ರ?" ಎಂದು ಅವಳು ಶಿಲುಬೆಗಳನ್ನು ತೋರಿಸಿ ಕೇಳಿದಳು.

ಉದಯಕುಮಾರ ಕಾಲ ಮೇಲೆ ಕಾಲು ಹಾಕಿ, ಚಹಾ ಹೀರುತ್ತ, ತಮಾಷೆಯ ಕತೆಯಂತೆ ಎಲ್ಲ ಹೇಳಿದ.

ಫ್ಲೇವಿಯಾಳ ಕೈಯ ಬಟ್ಟೆ ಗಾಜಿನ ಮೇಲೆ ನಿಂತುಹೋಯಿತು. "ಹೆಣ ಸಿಗದಿದ್ರೂ ಅಲ್ಲೆ ಮಣ್ಣು ಕೊಡ್ತಾರೇನ್ರಿ?"

"ಹುಚ್ಚರು."

"ನಮ್ಮ ಜೇಮ್ಸಗ..." ಎಂದವಳು ಕೈಯ ಬಟ್ಟೆ ಮಡಚಿದಳು. "ಫಾದರ್ ಪೂಜಿ ಮಾಡೂದಿಲ್ಲ ಅಂತಾರ, ಬದುಕಿರಾಂವಗ ಹೆಂಗ ಮಾಡೂದು ಅಂತಾರ. ಮಾವನೂ ಹಿರಿಯಾರ ಕಾಯಿಗೆ ಅವನ್ನ ಸೇರಸವಲ್ಲ. ನೀವು ಒಂದ ಸಾಲ ಬರದ ಕೊಟ್ರ ಸಾಕ್ರಿ. ಹೊಳ್ಯಾಗ ಹೋದ ಅಂತ."

ಫ್ಲೇವಿಯಾಳ ಮಾವ ಮಾನ್ವೆಲ್ ಮನೆಯಲ್ಲಿ ಒಲೆಯ ಹಿಂದಿನ ಗೂಡಿನೊಳಗೆ ಒಂದು ತೆಂಗಿನಕಾಯಿ ಇತ್ತು. ಸತ್ತ ಹಿರಿಯರೆಲ್ಲ ಅದರಲ್ಲಿ ಇರುವರೆಂದು ಸಿದ್ದಿಗಳ ನಂಬಿಕೆ. ಶಿಲುಬೆ ಕೊರಳಿಗೆ ಬಂದ ಮೇಲೂ ಕಾಯಿ ಗೂಡು ಬಿಟ್ಟಿರಲಿಲ್ಲ. ಒಂದು ವರ್ಷದಿಂದ ಜೇಮ್ಸ್ ಇಗರ್ಜಿಗೂ ಇಲ್ಲ, ಕಾಯಿಗೂ ಇಲ್ಲ, ಗೋವಾದಲ್ಲಿದ್ದ.

"ಆಮ್ಯಾಲೆ ನೋಡೂಣು," ಎಂದ ಉದಯಕುಮಾರ. ಸೊಳ್ಳೆ ಹೊಡೆಯುವಷ್ಟು ಸಲೀಸಾಗಿ.

"ಇವನ್ನರ ತಿರುಗಿ ಕಳಸ್ರಿ ಸಾಹೇಬ್ರ. ಮಣ್ಣಾಗ ಇದ್ದಾವರನ್ನ ಎಬ್ಬಿಸಿ ತಂದೀರಿ. ಆ ಮುದುಕಿ ಫೋಟೊದಾಗ ಏನ ಮಾಡಾಕತ್ತಾಳ ನೋಡೀರೇನ? ಹನ್ನೊಂದ ಗಂಟ ಅದಾವ. ಶಿಲುಬಿ ಹತ್ತ."

"ಎಣಿಸಾಕ ಬರ್ತೈತಿ ನಿನಗ! ಶಾಣ್ಯಾಕಿ. ಹೋಗ, ಸಂಡಾಸ ತಿಕ್ಕ."

*

ಮೊದಲು ಚಹಾ ಉಪ್ಪಾಯಿತು.

ಬಡಿಗ ಗೂಳಪ್ಪ ಒಂದು ಗುಟುಕು ಕುಡಿದು ಅಂಗಳಕ್ಕೆ ಉಗಿದ. ಅವನು ಧಾರವಾಡ ಕಡೆಯವನು. ಅಪ್ಪ ಪೇಪರ್ ಮಿಲ್ಲಿಗೆ ದುಡಿಯಲು ಬಂದು ದಾಂಡೇಲಿಯ ಬಂಗೂರನಗರದಲ್ಲೇ ಉಳಿದಿದ್ದ. "ಯವ್ವಾ! ಫ್ಲೇವಿಯಾಬಾಯಿ, ಸಕ್ಕರಿ ಡಬ್ಬಿ ಬದ್ಲು ಉಪ್ಪಿನ ಡಬ್ಬಿಗೆ ಕೈ ಹಾಕೀಯೇನ?"

"ನೀರ ಕುಡದ ನೋಡ ಅಣ್ಣಾ."

ಬೋರಿನ ನೀರು ಉಪ್ಪಾಗಿತ್ತು. ಕಾಡಿನ ನಡುವಿನ ಬಂಡೆಯೊಳಗಿಂದ ಬರುವ ನೀರು. ಹಾಕಿದ ಬೇಳೆ ಬೇಯಲಿಲ್ಲ. ಒಣಗಿದ ಟವೆಲ್ಲುಗಳು ಹಪ್ಪಳದಂತೆ ಸೆಟೆದವು, ಮಡಚಿದರೆ ಬಿಳಿ ಪುಡಿ ಉದುರಿತು. ಹೊಸ ಬಾಗಿಲುಗಳ ಕಬ್ಬಿಣದ ಕೀಲುಗಳು ಮೂರೇ ದಿನದಲ್ಲಿ ತುಕ್ಕು ಕಾರಿದವು. ನಾಲ್ಕನೆಯ ದಿನ, ನೆತ್ತಿಯ ಮೇಲೆ ಸೂರ್ಯ ಇರುವಾಗ, ಊಟದ ಹಾಲಿನ ನೆಲದ ಮೇಲೆ ಒದ್ದೆ ಹೆಜ್ಜೆಗಳು ಮೂಡಿದವು. ಕಪಾಟಿನ ಬುಡದಿಂದ ಹೊರಟು ನದಿಯ ಮೆಟ್ಟಿಲವರೆಗೆ. ಹೋದ ಹೆಜ್ಜೆಗಳಷ್ಟೇ ಇದ್ದವು, ಬಂದವು ಇರಲಿಲ್ಲ. ಫ್ಲೇವಿಯಾ ಒರೆಸಿದಳು. ಬಟ್ಟೆಗೆ ಕಂದು ಬಣ್ಣದ ಲೋಳೆ ಎಲೆಯೊಂದು ಅಂಟಿ ಬಂತು. ಅಂಥ ಎಲೆ ಕಾಳಿಯಲ್ಲಿ ಬೆಳೆಯುವುದಿಲ್ಲ. ಅದರ ವಾಸನೆ ಉದಯಕುಮಾರನಿಗೆ ಗೊತ್ತಿತ್ತು. ಗೊತ್ತಿಲ್ಲವೆಂದು ಅಗರಬತ್ತಿ ಹಚ್ಚಿಸಿದ.

"ಸಮುದ್ರ ಬರಾಕತ್ತೈತ್ರಿ," ಎಂದ ಗೂಳಪ್ಪ.

"ಬರಬೇಕಂದ್ರ ಕದ್ರಾ ಡ್ಯಾಮಿನ್ಯಾಗ ಪಾಸ ತೊಗೊಂಡ ಬರಬೇಕಲೇ ಅದು." ಆಮೇಲೆ ಉದಯಕುಮಾರ ಫ್ಲೇವಿಯಾಳ ಕಡೆ ತಿರುಗಿದ. "ಇದು ನಿನ್ನ ಕಿತಾಪತಿ. ನಿಮ್ಮ ಮಂದಿ ಮಾಟ ಮಾಡ್ತಾರಂತ ಊರೆಲ್ಲ ಹೇಳ್ತೈತಿ."

"ಮಾಟ ಬರ್ತಿತ್ತಂದ್ರ ಸಾಹೇಬ್ರ," ಎಂದಳು ಅವಳು ಬಟ್ಟೆ ಹಿಂಡುತ್ತ, "ನಾ ನಿಮ್ಮ ಸಂಡಾಸ ತಿಕ್ಕತಿದ್ದೆನೇನ್ರಿ?"

ಗೂಳಪ್ಪ ಕೆಮ್ಮಿನಲ್ಲಿ ನಗೆ ಅಡಗಿಸಿದ.

ಆರನೆಯ ದಿನ ಶಿಲುಬೆಗಳು ಬೆವರತೊಡಗಿದವು. ದೀಪದ ಬಿಸಿ ಎಂದು ಉದಯಕುಮಾರ ದೀಪ ತೆಗೆಸಿದ. ಎಂಟನೆಯ ದಿನಕ್ಕೆ ಹತ್ತೂ ಕುಸಿದು, ಚಪ್ಪಟೆಯಾಗಿ, ಕವುಚಿ ಮಲಗಿದ ಮನುಷ್ಯರ ಹಾಗೆ ಕಂಡವು. ಉದ್ಘಾಟನೆಗೆ ಇನ್ನು ಎರಡೇ ದಿನ. ಹೆರಿಟೇಜ್ ಎಂದರೆ ಇದೇ ಎಂದು ಕರೆಯೋಲೆಯಲ್ಲಿ ಶಿಲುಬೆಗಳ ಚಿತ್ರ ಅಚ್ಚಾಗಿತ್ತು.

"ಕರಗಿಸಿ ಹೊಸಾವು ಹೊಯ್ಯೂಣು," ಎಂದ ಉದಯಕುಮಾರ. "ಯಾರಿಗೆ ತಿಳೀತೈತಿ?"

ಸಾಗುವಾನಿ ತುಂಡಿನಲ್ಲಿ ಗೂಳಪ್ಪ ಅಚ್ಚು ಕೆತ್ತಿ ಕೊಟ್ಟ. ಕೊಟ್ಟು, ಕೈ ತೊಳೆದುಕೊಂಡು, ಹೊರಗೆ ಹೋಗಿ ಕೂತ. ಫ್ಲೇವಿಯಾ ಮೇಣ ಮುಟ್ಟುವುದಿಲ್ಲ ಎಂದಳು. ಉದಯಕುಮಾರ ತಾನೇ ಗ್ಯಾಸಿನ ಮುಂದೆ ನಿಂತ. ಹತ್ತು ಹಳೆಯ ಚೀಟಿಗಳನ್ನು ಕಿತ್ತು ಬೆಂಕಿಗೆ ಹಿಡಿದ. ಒಂದೊಂದೂ ಸುಡುವಾಗ ಒದ್ದೆ ಸೌದೆಯ ಹಾಗೆ ಚುಂಯ್ ಎಂದು ನೊರೆ ಕಾರಿತು. ಬೋಗುಣಿಯಲ್ಲಿ ಮೇಣ ಕರಗಿತು. ಅಡುಗೆಮನೆಯ ತುಂಬ ಜೇನಿನ ವಾಸನೆ ಎದ್ದಿತು, ಅದರಡಿಯಿಂದ ಇನ್ನೊಂದು ವಾಸನೆ. ಬಹಳ ದಿನ ನೀರಿನಲ್ಲಿದ್ದ ಮೈಯ ವಾಸನೆ.

ಹೊಸ ಚೀಟಿ ಬೇಕಲ್ಲ. ಹಳೆಯ ರಿಜಿಸ್ಟರೊಂದರ ಹಳದಿ ಹಾಳೆಯನ್ನು ಉದ್ದುದ್ದ ಕತ್ತರಿಸಿದ. ಇಂಕಿನ ಪೆನ್ನು ಒಣಗಿತ್ತು. ಝಾಡಿಸಿದ, ನಡೆಯುತ್ತದೋ ಇಲ್ಲವೋ ಎಂದು ಒಂದು ಚೀಟಿಯ ಮೇಲೆ ಗೀಚಿ ನೋಡಿದ. ಪೆನ್ನು ಕೈಗೆ ಬಂದರೆ ನಮ್ಮ ಗಂಡಸರು ಮೊದಲು ಬರೆಯುವುದು ಏನನ್ನು? ತಮ್ಮದೇ ಸಹಿಯನ್ನು. 'ಉದಯಕುಮಾರ' ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು, ಚಂದ ನಡೆಯುತ್ತದೆ ಎಂದುಕೊಂಡು, ಆ ಚೀಟಿ ಬದಿಗೆ ಸರಿಸಿ, ಬಾಯಿಗೆ ಬಂದ ಹತ್ತು ಪರದೇಶದ ಹೆಸರು ಗೀಚಿದ.

ಹತ್ತು ಶಿಲುಬೆಯ ಮೇಣ ಹನ್ನೊಂದು ಶಿಲುಬೆಗೆ ಬಂತು. ಒಂದು ಹನಿ ಉಳಿಯಲಿಲ್ಲ, ಒಂದು ಹನಿ ಸಾಲದೆ ಬರಲಿಲ್ಲ. ಮೇಜಿನ ಮೇಲೆ ಚೀಟಿಗಳೂ ಹನ್ನೊಂದು. ಬೋನಸ್ ಬಂತೆಂದು ಅವನು ಹಿಗ್ಗಿ, ನೋಡದೆ ಒಂದೊಂದನ್ನೇ ಬಿಸಿ ಮೇಣಕ್ಕೆ ಒತ್ತಿದ.

ಕಪಾಟಿನಲ್ಲಿ ಜೋಡಿಸುವಾಗ ಫ್ಲೇವಿಯಾ ಮೆಲ್ಲಗೆ ಅಂದಳು: "ಸಾಹೇಬ್ರ, ಇದೊಂದರಾಗ ನಿಮ್ಮ ಹೆಸರೈತ್ರಿ."

ಅವನು ಬಗ್ಗಿ ನೋಡಿದ. ನಕ್ಕ. "ಇರಲಿ ಬಿಡ. ಬೆನ್ನ ಹಿಂದಿಂದು ಯಾವ ಮಗ ಓದ್ತಾನ?"

*

ಉದ್ಘಾಟನೆಯ ಮುನ್ನಾದಿನ ಮಧ್ಯಾಹ್ನ ನಾಲ್ಕಕ್ಕೇ ಬೆಳಕು ಸತ್ತಿತು. ಮೋಡ ಸಾಗುವಾನಿಯ ತುದಿಗೆ ತಾಗುವಷ್ಟು ಕೆಳಗೆ ಇಳಿದಿತ್ತು. ಹಕ್ಕಿ ಇಲ್ಲ, ಜೀರುಂಡೆ ಇಲ್ಲ. ಆಣೆಕಟ್ಟಿನಿಂದ ನೀರು ಬಿಡುವ ಸೈರನ್ ಎಲ್ಲೋ ಮೇಲೆ ಊಳಿಟ್ಟು ನಿಂತಿತು. ಕರೆಂಟು ಹೋಯಿತು. ಆಗ ಮೆಟ್ಟಿಲ ಬಳಿಯ ಗಂಟೆ ಮೊಳಗಿತು.

ಗಾಳಿ ಇರಲಿಲ್ಲ. ಗಂಟೆಗೆ ಹಗ್ಗವನ್ನೂ ಕಟ್ಟಿರಲಿಲ್ಲ.

ಗೂಳಪ್ಪ ಉಳಿ, ಸುತ್ತಿಗೆ ಅಲ್ಲೇ ಬಿಟ್ಟು ರಸ್ತೆಯ ಕಡೆ ನಡೆದ. ಓಡಿದನೆಂದರೆ ಅವಮಾನವೆಂದು ಮೊದಲ ಹತ್ತು ಹೆಜ್ಜೆ ನಡೆದ, ಆಮೇಲೆ ಓಡಿದ.

ಊಟದ ಹಾಲಿನ ಕತ್ತಲಲ್ಲಿ ಉದಯಕುಮಾರ ಕಪಾಟಿನ ಮುಂದೆ ನಿಂತಿದ್ದ. ಗಾಜು ಒಳಗಿನಿಂದ ಬೆವರಿತ್ತು. ಬಾಗಿಲು ತೆರೆದ. ಹತ್ತು ಶಿಲುಬೆ ಮೂಳೆಯಂತೆ ಒಣಗಿದ್ದವು. ಹನ್ನೊಂದನೆಯದರಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಗೆತ್ತಿಕೊಂಡ. ಬೆಚ್ಚಗಿತ್ತು. ಮೊಲದ ಮರಿಯ ಹೊಟ್ಟೆಯ ಹಾಗೆ ಬಡಿಯುತ್ತಿತ್ತು.

ಬಾಯಿಯಲ್ಲಿ ಉಪ್ಪು ನೀರು ತುಂಬಿತು. ಉಗಿದ. ಮತ್ತೆ ತುಂಬಿತು.

ಚೀಟಿ ಕಿತ್ತು ಬಿಡೋಣವೆಂದು ಮೇಣದ ಬೆನ್ನಿಗೆ ಉಗುರು ಊರಿದ. ಅವನದೇ ಬೆನ್ನು ಸೀಳಿತು. ಅಂಗಿ ಒದ್ದೆಯಾಯಿತು. ಚೀರಿ, ಶಿಲುಬೆ ಕೈಬಿಟ್ಟ. ಅದು ನೆಲಕ್ಕೆ ಬಿದ್ದ ಸದ್ದಿಗೆ ಅವನ ಮೊಣಕಾಲು ಕಳಚಿತು.

ಫ್ಲೇವಿಯಾ ಬಂದಳು. ಶಿಲುಬೆಯನ್ನು ಸೆರಗಿನಲ್ಲಿ ಎತ್ತಿಕೊಂಡಳು. ಅವನಿಗೆ ಉಸಿರು ಬಂತು.

"ಸಾಹೇಬ್ರ, ಅವರಿಗೆ ಜೋಡಿ ಬೇಕಾಗೈತಿ," ಎಂದಳು. ಹೆದರಿಕೆ ಅವಳಿಗೂ ಇತ್ತು. "ಅವರ ಸಂಗಾಟ ನಮ್ಮಾಂವನೂ ಬಂದಾನ. ಅಂವಗ ನೆಲ ಸಿಕ್ರ ನಿಮ್ಮನ್ನ ಬಿಡಬಹುದು. ಪೆನ್ನ ಐತಿ, ಹಾಳಿ ಐತಿ. ಹೊಳ್ಯಾಗ ಹೋದ ಅಂತ ಬರೀರಿ. ಒಂದ ಸಾಲ."

ಅವನು ಪೆನ್ನು ಹಿಡಿದ. 'ಜೇಮ್ಸ್' ಎಂದು ಬರೆದ. ಮುಂದಿನ ಶಬ್ದಕ್ಕೆ ಕೈ ಏಳಲಿಲ್ಲ. ತಾನು ಕುಂಟುಕಾಲಲ್ಲಿ ನೆಲಕ್ಕೆ ಕೂತಿರುವುದು, ಕಸ ಹೊಡೆಯುವವಳು ಎದುರಿಗೆ ನಿಂತು ಬರೆಸುತ್ತಿರುವುದು ಅವನ ಕಣ್ಣಿಗೆ ಬಿತ್ತು. ಸಾವಿಗಿಂತ ಅದು ಹೆಚ್ಚು ಉರಿಯಿತು.

"ನಿನ್ನಂಥಾಕಿ ಬರಸೂದು, ನಾ ಬರೆಯೂದು?" ಪೆನ್ನು ಬೀಸಿ ಒಗೆದ. "ಕೊಡ ಅದನ್ನ. ಹೊಳಿಗೆ ಒಗದ ಬರ್ತೇನಿ, ಮುಗೀತು ನಿನ್ನ ನಾಟಕ."

"ಬ್ಯಾಡ್ರಿ. ಅದು ನೀವ ಅದೀರಿ."

ಕಸಿದುಕೊಂಡ. ಕುಂಟುತ್ತ ಮೆಟ್ಟಿಲಿಳಿದ. ನದಿ ಕೆಂಪಾಗಿರಲಿಲ್ಲ. ಬೂದಾಗಿತ್ತು. ಆ ಊರಿನ ಸಮುದ್ರದ ಬೂದು. ಶಿಲುಬೆ ಎಸೆದ.

ಅದು ನೀರಿಗೆ ಬಿತ್ತು.

ಅವನ ಮೂಗಿಗೆ ನೀರು ಬಂತು. ನಿಂತಿದ್ದದ್ದು ಒಣ ಮೆಟ್ಟಿಲ ಮೇಲೆ. ಮುಳುಗುತ್ತಿದ್ದ. ಕೈ ಬಡಿದ. ಹಿಡಿಯಲು ಏನಿಲ್ಲ. ಕಣ್ಣು ಉರಿಯಿತು. ಎದುರಿಗೆ ಹತ್ತು ಮಂದಿ. ಸೊಂಟದವರೆಗೆ ನೀರು. ಮೇಣದ ಮುಖ. ಮೂಗಿಲ್ಲ, ಬಾಯಿಲ್ಲ. ಅವನೇ ಕರಗಿಸಿದ ಮುಖಗಳು. ಕೈಯಿಂದ ಕೈಗೆ ಒಂದು ಹಗ್ಗ. ಡಾಂಬರಿನ ಹಗ್ಗ. ಹತ್ತು ಗಂಟು, ಹತ್ತು ಕೈ. ಹನ್ನೊಂದನೆಯ ಗಂಟು ಖಾಲಿ.

ಅವರ ಮುಂದೆ ಒಂದು ರಾಫ್ಟ್. ಅದರಲ್ಲಿ ಕಿತ್ತಳೆ ಜಾಕೀಟಿನವನು. ಇವನಿಗೆ ಮುಖ ಇತ್ತು. ಹುಟ್ಟು ಚಾಚಿದ, ಮರ್ಯಾದೆಯಿಂದಲೇ.

"ಬರ್ರಿ ಸಾಹೇಬ್ರ," ಎಂದ ಜೇಮ್ಸ್. "ಏನೂ ಆಗೂದಿಲ್ಲ."

*

ಮೂರು ದಿನ ಹುಡುಕಿದರು. ತಿರುವಿನಾಚೆ ಒಂದು ಬೂಟು ಸಹ ಸಿಗಲಿಲ್ಲ. ಬೋರಿನ ನೀರು ಮತ್ತೆ ಸಿಹಿಯಾಯಿತು.

ಮೇಣ ಮುಳುಗುವುದಿಲ್ಲ. ಅದೇ ದಿನ, ಬೆಳಕು ತಿರುಗಿ ಬಂದಾಗ, ಎಸೆದ ಶಿಲುಬೆ ತೇಲಿಕೊಂಡು ಬಂದು ಕೆಳಗಿನ ಮೆಟ್ಟಿಲಿಗೆ ತಟ್ಟುತ್ತಿತ್ತು, ಒಳಗೆ ಬಿಡಿ ಎನ್ನುವ ಹಾಗೆ. ಫ್ಲೇವಿಯಾ ಅದನ್ನೂ ಉಳಿದ ಹತ್ತನ್ನೂ ಬುಟ್ಟಿಯಲ್ಲಿಟ್ಟು ಮನೆಗೆ ಒಯ್ದಳು.

ಮಾನ್ವೆಲ್ ಹತ್ತು ಶಿಲುಬೆಗಳ ಸುಳ್ಳು ಚೀಟಿಗಳನ್ನು ಕಿತ್ತು ಒಲೆಗೆ ಹಾಕಿದ. ಹಿತ್ತಲಲ್ಲಿ, ಹಲಸಿನ ಬುಡಕ್ಕೆ, ಹತ್ತು ಸಣ್ಣ ಗುಂಡಿ ತೋಡಿದ.

"ಇವರ ಖರೇ ಹೆಸರ ಸುಟ್ಟ ಹೋದವಲ್ಲ ಮಾವಾ," ಎಂದಳು ಫ್ಲೇವಿಯಾ. "ಹೆಸರಿಲ್ದ ಹೆಂಗ ಇಡೂದು?"

"ನಮ್ಮ ಹಿರಿಯಾರೂ ಸಮುದ್ರ ದಾಟಿ ಬಂದಾವರ," ಎಂದ ಮುದುಕ. "ಅವರ ಖರೇ ಹೆಸರ ನಿನಗ ಗೊತ್ತೈತೇನ? ನನಗ ಗೊತ್ತೈತೇನ? ಕಾಯಾಗ ಅದಾರಿಲ್ಲೋ?" ಒಂದೊಂದು ಗುಂಡಿಗೂ ಒಂದು ಹಿಡಿ ಮಣ್ಣು ಹಾಕಿ, ಪರದೇಶದ ಅಣ್ಣತಮ್ಮಂದಿರೇ ಮಲಗಿ ಎಂದು ತನ್ನ ಕೊಂಕಣಿಯಲ್ಲಿ ಹೇಳಿದ.

ಹನ್ನೊಂದನೆಯದರ ಬೆನ್ನಿನ ಚೀಟಿಯನ್ನು ಫ್ಲೇವಿಯಾ ಹೇರ್‌ಪಿನ್ನಿನಿಂದ ಮೀಟಿ ತೆಗೆದಳು. ಎರಡು ಗೆರೆ ಎಳೆದ ಸಹಿ, ನೀರಿಗೂ ಮಾಸಿರಲಿಲ್ಲ. ಅದನ್ನು ಇಡೀ ಕೈಯಿಂದ ಹಿಸುಕಿ, ನಡೆದುಹೋಗಿ, ನದಿಗೆ ಬಿಟ್ಟಳು. ಖಾಲಿಯಾದ ಮೇಣದ ಬೆನ್ನಿಗೆ ಇನ್ನೊಂದು ಚೀಟಿ ಒತ್ತಿದಳು. ಅದು ಉದಯಕುಮಾರ ನೆಲದ ಮೇಲೆ ಬಿಟ್ಟುಹೋದ ಹಾಳೆಯಿಂದ ಹರಿದದ್ದು. ಸಾಹೇಬರದೇ ಅಕ್ಷರ, ಒಂದೇ ಶಬ್ದ: ಜೇಮ್ಸ್. ಅದನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ, ಒಂದು ವರ್ಷದಿಂದ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಅತ್ತಳು. ಮಾನ್ವೆಲ್ ಮಗನನ್ನು ಮಣ್ಣಿಗಿಟ್ಟು ಬಂದು ಕಾಯಿಗೆ ಸೇರಿಸಿದ.

ವಾರದ ಮೇಲೆ ಠಾಣೆಯಿಂದ ಇಬ್ಬರು ಬಂದರು. ಲಾ ಮೇರ್ ಬೋರ್ಡಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಗೂಳಪ್ಪ ತಾನು ಏನನ್ನೂ ಕಂಡಿಲ್ಲವೆಂದ. ಅದು ನಿಜವೂ ಆಗಿತ್ತು.

"ಕಡೀಕ ನೋಡಿದಾಕಿ ನೀನ ಅಂತಲ್ಲವಾ," ಎಂದ ಹಿರಿಯ ಪೇದೆ, ಹಾಳೆ ಮುಂದೆ ತಳ್ಳುತ್ತ. "ಸಾಹೇಬ್ರು ಎಲ್ಲಿ ಹೋದ್ರು ಅನ್ನೂದು ಒಂದ ಸಾಲ ಬರದ ಕೊಟ್ಟಬಿಡ. ನಮಗೂ ಕೆಲಸ ಮುಗೀತೈತಿ."

ಫ್ಲೇವಿಯಾ ಪೆನ್ನು ತೆಗೆದುಕೊಂಡಳು. ನಡೆಯುತ್ತದೋ ಇಲ್ಲವೋ ಎಂದು ಹಾಳೆಯ ಮೂಲೆಯಲ್ಲಿ ಗೀಚಿ ನೋಡಿದಳು. ಹೆಸರು ಬರೆಯಲಿಲ್ಲ. ಬರೀ ಒಂದು ಗೆರೆ ಎಳೆದಳು. ಆಮೇಲೆ ನಿಧಾನವಾಗಿ, ದುಂಡಗೆ, ಒಂದು ಅಕ್ಷರವೂ ತಪ್ಪದ ಹಾಗೆ ಬರೆದಳು:

ಸಾಹೇಬರು ಕೆಲಸ ಬಿಟ್ಟು ಗೋವಾಕ್ಕೆ ಹೋಗಿದ್ದಾರೆ.